ಖಾಲಿ ಹಗೇವು

ನೆಲದಡಿಯ ಹಗೇವಿನ ಬಾಯಿಗೆ ಮುಚ್ಚಿದ್ದ ಹಾಸುಗಲ್ಲು ಓರೆಯಾಗಿತ್ತು. ಸಾಲಗುಂದದ ಗೌಡ ಅಮರಗುಂಡಪ್ಪ ದನದ ಕೊಟ್ಟಿಗೆಯ ಆ ಮೂಲೆಯಲ್ಲಿ ಮೊಣಕಾಲೂರಿ, ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗಿಳಿಸಿದ. ಕೆಟ್ಟ ಗಾಳಿಗೆ ಜ್ವಾಲೆ ಕುಗ್ಗಿತು. ಆ ಮಿಣುಕಿನಲ್ಲಿ ಮೊದಲು ಕಂಡದ್ದು ತನ್ನ ಜೋಳದ ರಾಶಿ. ನೋಡಿ ಜೀವ ತಂಪಾಯಿತು. ಆಮೇಲೆ ಕಂಡದ್ದು ರಾಶಿಯ ಮೇಲೆ ಅಂಗಾತ ಬಿದ್ದು ನರಳುತ್ತಿದ್ದ ಮನುಷ್ಯ.

ಕಳ್ಳನೆಂಬುದರಲ್ಲಿ ಸಂಶಯವಿರಲಿಲ್ಲ, ಕಸುಬು ಬಾರದ ಕಳ್ಳನೆಂಬುದರಲ್ಲಿ ಮೊದಲೇ ಇರಲಿಲ್ಲ. ಹಗೇವು ತೆರೆದರೆ ಗಾಳಿಯಾಡಲು ಬಿಟ್ಟು ಇಳಿಯಬೇಕು. ಆದರೆ ಹಗೇವೇ ಇಲ್ಲದ ಮನೆಯಲ್ಲಿ ಹುಟ್ಟಿದ ಈ ಆದೆಪ್ಪನಿಗೆ ಆ ವಿದ್ಯೆಯನ್ನು ಯಾರು ಕಲಿಸಬೇಕು? ಅವನು ಸಿಂಧನೂರಿನ ಅರಳೆ ಜಿನ್ನಿನಲ್ಲಿ ಕೂಲಿಯಾಗಿದ್ದವನು. ಅರಳೆಯ ಧಾರಣೆ ಬಿದ್ದು ಜಿನ್ನು ಮುಚ್ಚಿದ ಮೇಲೆ ಆ ಸೀಮೆಯಲ್ಲಿ ಏಳಿಗೆ ಕಂಡ ಉದ್ಯೋಗ ಕಳ್ಳತನವೊಂದೇ. ಮಸ್ಕಿಯಲ್ಲಿ ಬಾವಿಗಿಳಿದ ಅಯ್ಯನವರ ಪಂಚೆ ಹೋಗಿತ್ತು. ಲಿಂಗಸುಗೂರಿನಲ್ಲಿ ಜಮಾದಾರನ ಕೋಳಿಗಳು ಗೂಡಿನ ಸಮೇತ ಹೋಗಿದ್ದವು.

ಕೂಗಿದರೆ ಊರು ಕೂಡುತ್ತದೆ. ಕಳ್ಳನೊಂದಿಗೆ ಜೋಳವನ್ನೂ ನೋಡುತ್ತದೆ. ಸರಕಾರದ ಲೇವಿಗೆ ಅಳೆದುಕೊಡಲು ಕಾಳಿಲ್ಲ, ಹಗೇವು ಖಾಲಿ ಎಂದು ಅಮರಗುಂಡಪ್ಪ ಹೇಳಿ ತಿಂಗಳಾಗಿರಲಿಲ್ಲ. ಬಯಲಾದರೆ ರಾಶಿ ಜಪ್ತಿ, ತನಗೆ ಜೈಲು. ಸುಮ್ಮನೆ ಕಲ್ಲೆಳೆದು ಬಾಯಿ ಮುಚ್ಚಿಬಿಟ್ಟರೆ? ಕೈ ಕಲ್ಲಿನ ಮೇಲೇ ಇತ್ತು.

ಅಷ್ಟರಲ್ಲಿ ಲೇವಿ ವಸೂಲಿಯ ಗಿರ್ದಾವರ ಬಾಬುಸಾಬ್ ಬಿಸಿಲಿಗೆ ಬೆಂದು ಸೀದಾ ಕೊಟ್ಟಿಗೆಯ ನೆರಳಿಗೇ ಬಂದ. ಅಮರಗುಂಡಪ್ಪ ಥಟ್ಟನೆ ಎದ್ದು ಹಗೇವಿಗೆ ಅಡ್ಡ ನಿಂತ. ಕಳ್ಳರು ಹೆಚ್ಚಿದ್ದಾರೆ, ಹಗೇವುಗಳ ಮೇಲೆ ಕಣ್ಣಿರಲಿ ಎಂದು ಗಿರ್ದಾವರ ಎಚ್ಚರಿಸಿದ.

"ಖಾಲಿ ಹಗೇವಿಗೆ ಏನು ಕಾವಲ್ರಿ ಸಾಹೇಬ್ರ?"

ನೆಲದಡಿಯಿಂದ ನರಳಿಕೆ ಕೇಳಿಸಿತು. ಅದೇನೆಂದು ಗಿರ್ದಾವರ ಹುಬ್ಬೇರಿಸಿದ.

"ಎಮ್ಮಿ ಈಯಾಕತ್ತೈತ್ರಿ."

ಮೆಲುಕು ಹಾಕುತ್ತಿದ್ದ ಒಂಟಿ ಎಮ್ಮೆ, ತನ್ನ ಮಾನ ಹೋದಂತೆ, ಯಜಮಾನನನ್ನು ದಿಟ್ಟಿಸಿತು. ಚಹಾ ತಂದ ಹೆಂಡತಿ ಕಸ್ತೂರೆಮ್ಮ ಗೊಡ್ಡೆಮ್ಮೆಯನ್ನೂ ಗಂಡನನ್ನೂ ಸರದಿಯಂತೆ ನೋಡಿ, ಚಹಾವನ್ನು ಗಿರ್ದಾವರನ ಮುಂದಿಟ್ಟಳು.

ನರಳಿಕೆ ನಿಂತಿತು.

ನರಳುವಷ್ಟು ಹೊತ್ತು ಅಮರಗುಂಡಪ್ಪ ಹೇಗೋ ತಡೆದುಕೊಂಡಿದ್ದ. ನಿಂತದ್ದನ್ನು ತಡೆಯಲಾರದಾದ. ಮೌನಕ್ಕೂ ತೂಕವುಂಟೆಂದು, ಅದು ಇಡೀ ರಾಶಿಗಿಂತ ಹೆಚ್ಚೆಂದು ಅವನ ಎದೆಗೆ ತಿಳಿಯಿತು. ಕಲ್ಲನ್ನು ಪೂರಾ ಸರಿಸಿ, ಕಂದೀಲಿನ ಹಗ್ಗದ ತುದಿಯನ್ನು ಗಿರ್ದಾವರನ ಕೈಗೆ ತುರುಕಿದ.

"ಹಿಡೀರಿ ಸಾಹೇಬ್ರ. ಒಳಗ ಮನಿಷಾ ಅದಾನ."

ಮೂಗಿಗೆ ವಲ್ಲಿ ಸುತ್ತಿ, ಉಸಿರು ಬಿಗಿಹಿಡಿದು ಇಳಿದ. ಕಂದೀಲು ಬಿಚ್ಚಿ, ಹಗ್ಗವನ್ನು ಆದೆಪ್ಪನ ಕಂಕುಳಿಗೆ ಬಿಗಿದು, ಗೋಡೆಯ ಗುಳಿಗಳಲ್ಲಿ ಕಾಲಿಟ್ಟು ತಾನು ಹತ್ತಿಬಂದ. ಗಿರ್ದಾವರನೂ ಕಸ್ತೂರೆಮ್ಮನೂ ಸೇರಿ ಆದೆಪ್ಪನನ್ನು ಎಳೆದು ಹಾಕಿದರು. ಅವಳು ಮುಖಕ್ಕೆ ನೀರು ಚಿಮುಕಿಸಿದಳು. ಅವನು ಕೆಮ್ಮಿದ, ಕಣ್ಣು ಬಿಟ್ಟ. ಕಳ್ಳ ಮತ್ತು ಗೌಡ, ಇಬ್ಬರ ಧೋತರದ ಮಡಿಕೆಗಳಿಂದಲೂ ಜೋಳ ಒಂದೇ ಸಮನೆ ಉದುರಿತು.

ಗಿರ್ದಾವರ ಬಗ್ಗಿ ನಾಲ್ಕು ಕಾಳು ಆರಿಸಿ ಅಂಗೈಯಲ್ಲಿಟ್ಟುಕೊಂಡ. ಗೌಡನನ್ನು ಏನೂ ಕೇಳಲಿಲ್ಲ, ಕಳ್ಳನನ್ನು ಕೇಳಿದ.

"ನಮ್ಮ ಹಗೇವು ಖಾಲಿ ಅಂತ ಊರಿಗೆ ಊರೇ ಹೇಳೈತಿ. ಇದರಾಗ ಜ್ವಾಳ ಐತಂತ ನಿನಗ ಹೆಂಗ ಗೊತ್ತಾತಲೇ?"

ಆದೆಪ್ಪ ತನ್ನ ಜೀವ ಉಳಿಸಿದವನ ಕಡೆ ಕೃತಜ್ಞತೆಯಿಂದ ನೋಡಿದ.

"ಉಳಿದವ್ರೆಲ್ಲಾ ಬರೇ ಇಲ್ಲ ಅಂದಿದ್ರರೀ ಸಾಹೇಬ್ರ. ಲಿಂಗ ಮುಟ್ಟಿ ಇಲ್ಲ ಅಂದವ್ರು ಗೌಡ್ರೊಬ್ಬರ."