ಮುಷ್ಟಿಯಲ್ಲಿದ್ದ ಕೀಲಿಕೈ

ಗುಲಬರ್ಗಾದಲ್ಲಿ ತೆಗೆಸಿದ ತಲೆಯ ಸ್ಕ್ಯಾನ್ ಫಿಲಮನ್ನು ಸೇಡಂನ ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದರು. ಮಿದುಳಿನ ಚಿತ್ರದ ತುಂಬ ಬೆಳ್ಳನೆಯ ಉಂಗುರಗಳು. "ಸರಿಯಾಗಿ ತೊಳೀದ ಪಲ್ಯಾದಿಂದ ಮೈಗೆ ಸೇರೋ ಹುಳದ ಗಂಟು ಇರಬಹುದು, ಬ್ಯಾರೆ ಏನರೆ ಇರಬಹುದು," ಎಂದರು.

"ಇಕಿ ತಪ್ಪಲಪಲ್ಯಾ ತೊಳಿಯೋದೇ ಹಂಗ," ಎಂದು ರುಕ್ಮಿಣಿಬಾಯಿ ಸೊಸೆ ಪದ್ಮಜಾಳನ್ನು ದುರುಗುಟ್ಟಿ ನೋಡಿದರು. ಅವಳ ಗಂಡ ಧೀರೇಂದ್ರ ಮಾಸ್ತರ, ಸಾಲಿಯ ಹಲಗೆಯ ಮುಂದೆ ನಿಂತಲ್ಲೇ ಫಿಟ್ಸ್ ಬಂದು ಬಿದ್ದವನು. ದಾರಿಯಲ್ಲಿ ಮತ್ತೆ ಬಂದರೆ ಇರಲೆಂದು, ಆಡಕಿಯಲ್ಲಿ ಬಸ್ಸು ಹತ್ತುವಾಗಲೇ ಅತ್ತೆ ಅವನ ಮುಷ್ಟಿಗೆ ಕಬ್ಬಿಣದ ಕೀಲಿಕೈ ಗೊಂಚಲು ತುರುಕಿದ್ದರು. ಅವನು ಅದನ್ನು ಇನ್ನೂ ಬಿಟ್ಟಿರಲಿಲ್ಲ.

ಡಾಕ್ಟರು ಫಿಲಂ ಕೆಳಗಿಟ್ಟರು. "ಎಚ್‌ಐವಿ ಟೆಸ್ಟ್ ಒಂದು ಆಗಬೇಕ್ರಿ ಮಾಸ್ತರ. ನಿಮ್ದೂ, ನಿಮ್ಮ ಮನಿಯವರ್ದೂ."

"ಅದೇನ್ರಿ ಅದು? ಇವನ ತಲಿ ಬ್ಯಾನಿಗೆ ಇಕಿ ರಕ್ತ ಯಾಕ್ರಿ?" ಅತ್ತೆ ಕೇಳಿದರು. ಆ ಹೆಸರನ್ನು ಪದ್ಮಜಾ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಓದಿದ್ದಳು. ಗಂಡನೂ ಅತ್ತೆಯ ಹಾಗೇ ಯಾಕೆಂದು ಕೇಳಲಿ, ಸಿಟ್ಟಿಗೇಳಲಿ, ಡಾಕ್ಟರನ್ನು ಬೈಯಲಿ ಎಂದು ಕಾದಳು. ಅವನು ಯಾಕೆ ಎಂದು ಕೇಳಲಿಲ್ಲ. ಕೀಲಿಕೈ ಗೊಂಚಲು ಅವನ ಕೈಜಾರಿ ನೆಲಕ್ಕೆ ಬಿತ್ತು.

"ಅಯ್ಯ, ಮತ್ತ ಬಂತು ನೋಡ್ರಿ," ಎನ್ನುತ್ತ ರುಕ್ಮಿಣಿಬಾಯಿ ಬಗ್ಗಿ ಗೊಂಚಲೆತ್ತಿ ಮಗನ ಅಂಗೈಗೆ ಒತ್ತಿದರು. ಪದ್ಮಜಾ ಕೂತಲ್ಲಿಂದ ಏಳಲಿಲ್ಲ. ಫಿಟ್ಸ್ ಬಂದಾಗ ಅವನ ಕಣ್ಣಿಗೆ ಯಾರೂ ಕಾಣುತ್ತಿರಲಿಲ್ಲ. ಈಗ ಆ ಕಣ್ಣುಗಳು ಅವಳೊಬ್ಬಳನ್ನು ಬಿಟ್ಟು ಕೋಣೆಯಲ್ಲಿದ್ದ ಎಲ್ಲವನ್ನೂ ನೋಡುತ್ತಿದ್ದವು.