ಮೂಡಲ ಕಡೆಗೆ ಕಾಲು

ಕಲ್ಯಾಣದುರ್ಗದ ಕ್ರೈಸ್ತರ ಸಮಾಧಿ ತೋಟದಲ್ಲಿ ತಿಪ್ಪೇಸ್ವಾಮಿ, ಕ್ರೈಸ್ತಳಾಗಿದ್ದು ತೀರಿಕೊಂಡ ತನ್ನ ತಂಗಿಗೆ ತಾನೇ ಗುಂಡಿ ತೋಡಿದ್ದ, ತನ್ನ ಹಿರಿಯರ ರೂಢಿಯಂತೆ ತಲೆ ದಕ್ಷಿಣಕ್ಕೆ ಬರುವ ಹಾಗೆ. ತಂಗಿಯ ಮಗಳು ಸುವಾರ್ತ ಬೈಬಲ್ಲನ್ನು ಎದೆಗವಚಿಕೊಂಡು ಬಂದು ನೋಡಿದಳು.

“ಹಿಂಗಲ್ಲ ಮಾವಾ. ತಲೆ ಪಡುವ್ಲಿಗೆ, ಕಾಲು ಮೂಡ್ಲಿಗೆ ಇರ್ಬೇಕು.”

“ಮಣ್ಣಾಗೋ ಮೈಗೆ ಯಾವ ದಿಕ್ಕಾದ್ರೇನು ಕಣಮ್ಮ?”

“ಸತ್ತೋರ್ನ ಎಬ್ಬಿಸ್ತೀನಿ ಅಂತ ಕರ್ತ ಬೈಬಲ್ ವಾಕ್ಯದಾಗೆ ಮಾತು ಕೊಟ್ಟವ್ನೆ. ಆತ ಮೂಡ್ಲಿಂದ ಬತ್ತಾನೆ. ಅಮ್ಮ ಎದ್ದ ಕೂಡ್ಲೇ ಆತನ ಮುಖ ಕಾಣ್ಬೇಕು.”

ತಿಪ್ಪೇಸ್ವಾಮಿಗೆ ನಂಬಿಕೆ ಬರಲಿಲ್ಲ. ಆದರೂ ಪಂಚೆ ಎತ್ತಿಕಟ್ಟಿ, ಆ ಗುಂಡಿ ಮುಚ್ಚಿ, ಇನ್ನೊಂದು ತೋಡಿದ.

ಮಣ್ಣು ಮಾಡಿದ ಮೇಲೆ, ನಾಯಿನರಿ ಕೆದಕದಂತೆ ಹೇರಲು ತಂದಿದ್ದ ಕಲ್ಲುಚಪ್ಪಡಿಯನ್ನು ಜನ ಎತ್ತಿದರು. ತಿಪ್ಪೇಸ್ವಾಮಿ ಅಡ್ಡ ನಿಂತ.

“ಬ್ಯಾಡ, ಆಚೆಗಿಡ್ರಪ್ಪಾ. ಏಳೋವಾಗ ನನ್ ತಂಗಿಗೆ ಭಾರ ಆಯ್ತದೆ.”