ಮೂವರ ನೀರು

ಆ ಬೆಳಿಗ್ಗೆ ಮರಳುಗಾಳಿಗೆ ದೋಣಿಕಾರನ ಮನೆಯ ಬಾಗಿಲು ಅದುರುತ್ತಿತ್ತು. ಮರುಭೂಮಿಯ ಕಂದರದೊಳಗೆ ಧುಮ್ಮಿಕ್ಕುವ ಹೊಳೆಗೆ ಕಯಾಕ್ ಎಂಬ ಕಿರುದೋಣಿ ಇಳಿಸಿದ ತಮ್ಮ ಎಂಟು ದಿನವಾದರೂ ಹಿಂದಿರುಗಿರಲಿಲ್ಲ. ಅವನನ್ನು ಹುಡುಕಲು ದೋಣಿಕಾರನ ನೆರವು ಕೇಳಿ ಬಂದಿದ್ದ ಅಕ್ಕ ಅಲ್ಲೇ ನೆಲದ ಮೇಲೆ ನಕ್ಷೆ ಹರಡಿ, ಐದು ದಿನಕ್ಕಾಗುವಷ್ಟು ಕುಡಿಯುವ ನೀರಿನ ಕ್ಯಾನು ಜೋಡಿಸುತ್ತಿದ್ದಳು. ಹೊಳೆಯದು ಬರೀ ಕೆಸರು.

“ಆ ಹೊಳೆಗೆ ಇನ್ನು ಇಳಿಯಲ್ಲ ಅಂತ ಇವಳಿಗೆ ಮಾತು ಕೊಟ್ಟಿದೀನಮ್ಮ,” ಎಂದ ದೋಣಿಕಾರ, ಹೆಂಡತಿಯತ್ತ ನೋಡಿ. “ಅಲ್ಲ, ನಾನು ಬಂದ್ರೂ ನಾವು ಇಬ್ಬರೇ. ಮೂವರ ನೀರು ಯಾಕೆ?”

“ಬರುವಾಗ ಮೂವರಲ್ವಾ ಅಣ್ಣಾ?” ಎನ್ನುತ್ತ ಅಕ್ಕ ಬಿಕ್ಕಿದಳು.

ಹೆಂಡತಿ ಒಂದು ಗಳಿಗೆ ಕಣ್ಮುಚ್ಚಿ ದೇವರನ್ನು ನೆನೆದಳು. “ಅವತ್ತು ಆ ಹೊಳೆ ಸುಳಿಯಿಂದ ನಿಮ್ಮನ್ನ ಎಳ್ಕೊಂಡು ಬಂದಿದ್ದು ಇವರ ತಮ್ಮನೇ ಅಲ್ವಾ?” ಎಂದು, ಮೂರು ವರ್ಷದಿಂದ ತಾನು ಬಚ್ಚಿಟ್ಟಿದ್ದ ದೋಣಿಯ ಹುಟ್ಟನ್ನು ತಂದು ಗಂಡನ ಕೈಗಿಟ್ಟಳು.